ಗಾಡಿ ಬಡದೈತಿ ಅಂದಿದ್ದೆ

ನನ್ನ ಮಗಳು ಹುಟ್ಟಿದಾಗಲೇ ಅವಳ ಬಲಗಾಲು ಗಿಡ್ಡ ಇತ್ತು. ಮೊಣಕಾಲ ಕೆಳಗಿರಬೇಕಾದ ಎರಡು ಎಲುಬುಗಳಲ್ಲಿ ಹೊರಗಡೆಯ ತೆಳ್ಳನೆಯದು ಬೆಳೆದೇ ಇರಲಿಲ್ಲ. ಇದ್ದೊಂದು ಎಲುಬು ಮುಂದಕ್ಕೆ ಬಾಗಿತ್ತು, ಪಾದ ಹೊರಕ್ಕೆ ತಿರುಗಿತ್ತು, ಬೆರಳು ನಾಲ್ಕೇ.

ನಾನು ಮಸ್ಕಿಯಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸುವ ಮಾಸ್ತರ. ಗ್ರಹಣದ ದಿನ ಮಕ್ಕಳನ್ನು ಬಯಲಿಗೆ ಕರೆತಂದು, ಇದು ಬರೀ ನೆರಳು, ಹೆದರಬ್ಯಾಡ್ರಿ ಅಂತ ಹೇಳಿದವನು. ಆದರೆ ನಮ್ಮವ್ವ, "ಬಸುರಿದ್ದಾಗ ಗ್ರಹಣದಾಗ ಹೊರಗ ಅಡ್ಡಾಡ್ಯಾಳ, ಅದಕ್ಕ ಹಿಂಗಾಗೈತಿ" ಅಂತ ನನ್ನ ಹೆಂಡತಿಯನ್ನು ಬೈದಳು. ಹೆಂಡತಿ ನನ್ನ ಮುಖ ನೋಡಿದಳು. ನಾನು ಪೇಪರಿನ ಪುಟ ತಿರುವಿದೆ.

ಮಗಳಿಗೆ ವರ್ಷ ತುಂಬಿದಾಗ ಹೈದರಾಬಾದಿನ ಆಸ್ಪತ್ರೆಗೆ ಹೋದೆವು. ಅಲ್ಲಿ ಹೆಂಡತಿ ಡಾಕ್ಟರಿಗೆ ಕೇಳಿದ ಮೊದಲ ಮಾತು, "ನಾನು ಮಾಡಿದ್ದರಿಂದ ಆತೇನ್ರಿ?" ಡಾಕ್ಟರು ಪೆನ್ನು ಕೆಳಗಿಟ್ಟು, "ಇಲ್ಲಮ್ಮ, ಯಾರ ತಪ್ಪೂ ಅಲ್ಲ" ಅಂದರು. ಅವಳು ಅಲ್ಲೇ ಸೆರಗು ಮುಚ್ಚಿಕೊಂಡು ಅತ್ತಳು. ಅದೇ ಮಾತನ್ನು ಹೇಳಲು ನನಗೆ ಒಂದು ವರ್ಷ ಇತ್ತು.

ಪಾದ ನೆಟ್ಟಗೆ ಮಾಡುವ ಆಪರೇಷನ್ ಆಗಲೇ ಆಯಿತು. ಆರು ವರ್ಷ ತುಂಬಿದ ಮೇಲೆ ಎಲುಬು ಉದ್ದ ಮಾಡುವ ದೊಡ್ಡ ಆಪರೇಷನ್. ಎಲುಬನ್ನು ಕತ್ತರಿಸಿ, ಕಾಲಿನ ಸುತ್ತ ಬಳೆಯಂಥ ಲೋಹದ ರಿಂಗುಗಳನ್ನು ಕೂರಿಸಿ, ಅವುಗಳಿಂದ ತಂತಿಗಳನ್ನು ಎಲುಬಿನೊಳಗೆ ಹಾಯಿಸಿದ್ದರು. ದಿನಕ್ಕೆ ನಾಲ್ಕು ಸಲ ನಟ್ಟುಗಳನ್ನು ಒಂಚೂರು ತಿರುಗಿಸಬೇಕು. ಕತ್ತರಿಸಿದ ಜಾಗ ಕೂದಲೆಳೆಯಷ್ಟು ಅಗಲವಾಗುತ್ತದೆ, ಆ ಸಂದಿನಲ್ಲಿ ಹೊಸ ಎಲುಬು ತುಂಬಿಕೊಳ್ಳುತ್ತದೆ. ಆ ಹೊತ್ತಿಗೆ ನಾನು ಹೊರಗೆ ಹೋಗಿಬಿಡುತ್ತಿದ್ದೆ. ನಟ್ಟು ತಿರುಗಿಸಿದವಳು, ತಂತಿ ಚರ್ಮಕ್ಕಿಳಿದ ಜಾಗಗಳನ್ನು ದಿನಾ ತೊಳೆದವಳು ಹೆಂಡತಿ.

ಸುಳ್ಳು ಶುರುವಾದದ್ದು ಸ್ಟಾಫ್ ರೂಮಿನಲ್ಲಿ. ಹುಟ್ಟಿನಿಂದ ಅಂದರೆ ಕೇಳಿದವರ ಕಣ್ಣು ನಮ್ಮ ಮನೆತನದ ಕಡೆ ಹೊರಳುತ್ತಿತ್ತು. ಗಾಡಿ ಬಡದೈತಿ ಅಂದರೆ "ಪಾಪ" ಅಂದು ಸುಮ್ಮನಾಗುತ್ತಿದ್ದರು. ಅದೇ ರೂಢಿಯಾಯಿತು.

ಒಮ್ಮೆ ಚೆಕಪ್ ಮುಗಿಸಿ ಬರುವಾಗ ಸಿಂಧನೂರು ಬಸ್‌ಸ್ಟ್ಯಾಂಡಿನಲ್ಲಿ ಮಸ್ಕಿ ಬಸ್ಸಿಗೆ ಕಾಯುತ್ತಿದ್ದೆವು. ಹೆಂಡತಿ ನೀರು ತರಲು ಹೋಗಿದ್ದಳು. ವಯಸ್ಸಾದ ಹೆಂಗಸೊಬ್ಬಳು ಮಗಳ ಕಾಲನ್ನೇ ನೋಡುತ್ತಾ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತಳು.

"ಯಪ್ಪಾ, ಈ ಕೂಸಿನ ಕಾಲು ಹುಟ್ಟಿದಾಗಿಂದ ಹಿಂಗೇನ್ರಿ? ನಾವು ಜವಳಗೇರಾದವರು. ನನ್ನ ಮೊಮ್ಮಗಳಿಗೂ ಕಾಲು ಸೊಟ್ಟ ಐತಿ, ಬೆರಳು ಕಮ್ಮಿ ಅದಾವ."

ಸುತ್ತ ಹತ್ತಾರು ಜನ ಇದ್ದರು. ನಮ್ಮೂರಿನವರೂ ಇಬ್ಬರು ಕಂಡರು.

"ಇಲ್ಲಮ್ಮ, ಗಾಡಿ ಬಡದೈತಿ."

"ಹೌದೇನ್ರಿ..." ಅಂತ ಎದ್ದಳು. ಜವಳಗೇರಾ ಬಸ್ಸು ಬಂತು, ಹತ್ತಿ ಹೋದಳು.

ಮಗಳು ನನ್ನ ತೋಳು ಜಗ್ಗಿದಳು. "ಅಪ್ಪ, ನನಗ ಯಾವ ಗಾಡಿ ಬಡದೈತಿ?"

ಹೆಂಡತಿ ಬಾಟಲಿ ಹಿಡಿದು ಹಿಂದೆಯೇ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. "ಆ ಅಮ್ಮನ್ನ ಹುಡುಕ್ರಿ," ಅಂದಳು ಅಷ್ಟೇ. ಬಾಟಲಿ ಮಗಳ ಕೈಗಿಟ್ಟಳು.

ಭಾನುವಾರ ಪರಿಚಯದವರ ಆಟೋದಲ್ಲಿ ಮಗಳನ್ನು ಕೂರಿಸಿಕೊಂಡು ಜವಳಗೇರಾಕ್ಕೆ ಹೋದೆ. ಚಾ ಅಂಗಡಿಯಲ್ಲಿ ಕೇಳಿದರೆ, "ಸೊಟ್ಟಗಾಲಿನ ಕೂಸಿನ ಮನಿಯೇನ್ರಿ?" ಅಂತ ದನಿ ತಗ್ಗಿಸಿ ದಾರಿ ತೋರಿಸಿದರು. ನಾನು ಹೆದರಿದ್ದ ದನಿ ಅದೇ.

ಅಜ್ಜಿ ಬಾಗಿಲಲ್ಲೇ ಗುರುತು ಹಿಡಿದಳು.

"ಅಮ್ಮಾ, ಅವತ್ತು ಸುಳ್ಳು ಹೇಳಿದೆ. ಇಕಿದೂ ಹುಟ್ಟಿದಾಗಿಂದ ಹಿಂಗ."

ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. "ಹಂಗ್ಯಾಕ ಹೇಳಿದ್ರಿ ಸರ? ಬಸ್ಸಿನಾಗ ಅತ್ಕೊಂತ ಬಂದೆ. ಲೋಕದಾಗ ನಮ್ಮ ಕೂಸೊಂದ ಹಿಂಗ ಹುಟ್ಟೈತಿ ಅಂತ ತಿಳದೆ."

ಚಪ್ಪಲಿ ಬಿಡುವ ನೆಪದಲ್ಲಿ ತಲೆ ತಗ್ಗಿಸಿದೆ.

ಕೂಸಿನ ತಾಯಿ ಒಳಕೋಣೆಯಿಂದ ಹೊರಗೇ ಬರುವುದಿಲ್ಲ ಅಂದಳು ಅಜ್ಜಿ. ಮಗಳು ವಾಕರ್ ಹಿಡಿದು ತಾನೇ ಒಳಗೆ ಹೋಗಿ, ಕೂಸಿನ ಪಕ್ಕ ಕಾಲು ಚಾಚಿ ಕೂತಳು. ಕೂಸು ಕೈ ಚಾಚಿ ರಿಂಗು ಹಿಡಿದುಕೊಂಡಿತು.

"ನೋವಾಗತೈತೇನವ್ವ?" ಆ ತಾಯಿ ಮೆಲ್ಲಗೆ ಕೇಳಿದಳು.

"ಆಗತೈತಿ. ಸಂಜಿಮುಂದ ಜಾಸ್ತಿ. ಆದ್ರ ನಾ ನಡೀತೀನಿ," ಅಂದಳು ಮಗಳು.

ಆಮೇಲೆ ಅವರೂ ಕೂಸನ್ನು ಹೈದರಾಬಾದಿನ ಅದೇ ಆಸ್ಪತ್ರೆಗೆ ಕರೆದೊಯ್ದರು. ಕೂಸಿನ ಪಾದದ ಆಪರೇಷನ್ ಆಗಿದೆ, ಈಗ ಗೋಡೆ ಹಿಡಿದು ನಿಲ್ಲುತ್ತದೆ. ನನ್ನ ಮಗಳ ರಿಂಗುಗಳನ್ನು ತೆಗೆದಿದ್ದಾರೆ. ಎಲುಬು ಕೂಡಿದೆ, ಆದರೂ ಬೂಟಿನ ಕೆಳಗೆ ಒಂದು ಪದರ ಹಾಕಬೇಕು. ದೊಡ್ಡವಳಾದ ಮೇಲೆ ಇನ್ನೊಂದು ಆಪರೇಷನ್ ಇದೆ.

ಆ ತಾಯಿ ಆಗಾಗ ಫೋನ್ ಮಾಡುತ್ತಾಳೆ. ನಾನು ಎತ್ತಿದರೆ, "ಅಕ್ಕಗ ಕೊಡ್ರಿ ಸರ," ಅನ್ನುತ್ತಾಳೆ. ಹೆಂಡತಿಗೆ ಕೊಡುತ್ತೇನೆ.