ಉಂಡವರು ಬೆಳೆಸಿದ ಕನಕಾಂಬರ

ಇವತ್ತು ಊಟದ ನಂತರ ಕೈಗೆ ಅಂಟಿದ್ದ ಹುರುಳಿ ಸಾರಿನ ಘಮ ನನ್ನನ್ನು ತಿಪ್ಪಸಂದ್ರದ ಅಜ್ಜಿಯ ಹಿತ್ತಲಿಗೆ ಎಳೆದೊಯ್ದಿತು. ಚಿಕ್ಕವಳಿದ್ದಾಗ ಒಂದು ಬೇಸಿಗೆಯಲ್ಲಿ, ಅಲ್ಲಿ ನಾನೇ ನೆಟ್ಟ ಕನಕಾಂಬರ ಬಾಡಿ ಬಾಗಿತ್ತು. ಬಾವಿಯಿಂದ ನೀರು ಸೇದುವಷ್ಟು ಕಸುವು ನನ್ನ ಪುಟ್ಟ ಕೈಗಳಿಗಿರಲಿಲ್ಲ. ಗಿಡ ಸತ್ತೇಹೋಗುತ್ತದೆಂದು ಅಳುತ್ತಿದ್ದೆ.

"ಅಳ್ಬ್ಯಾಡ ಕಣವ್ವ. ಉಂಡೋರ್ನೆಲ್ಲ ಕೈ ತೊಳ್ಯಕ್ಕೆ ಗಿಡದ್ ಬುಡುಕ್ಕೇ ಕಳ್ಸು" ಎಂದಳು ಅಜ್ಜಿ.

ಅಂದಿನಿಂದ ಊಟ ಮುಗಿಯುತ್ತಿದ್ದಂತೆ ಬಾಗಿಲಲ್ಲೇ ಕಾದು ಎಲ್ಲರನ್ನೂ ಗಿಡದತ್ತ ಅಟ್ಟತೊಡಗಿದೆ. ಮುದ್ದೆ ಉಂಡ ಸೋದರಮಾವ, "ನಿನ್ ಗಿಡುಕ್ಕೆ ಒಸಿ ಸಾರೂ ಬುಡ್ಲೇನವ್ವ?" ಎಂದು ರೇಗಿಸುತ್ತಲೇ ಇನ್ನೊಂದು ಚೆಂಬು ನೀರು ಸುರಿದ.

ಒಂದು ಬೆಳಿಗ್ಗೆ ನೋಡಿದರೆ, ಚಿಗುರು! ಪಕ್ಕದಲ್ಲೇ ಮೊಗ್ಗಿನ ತೆನೆ! ಕುಣಿದುಬಿಟ್ಟೆ.

ಈಗ ನನ್ನ ಬಾಲ್ಕನಿಯಲ್ಲಿ ಕುಂಡಗಳು ಬಾಯಾರಿವೆ. ಊಟಕ್ಕೆ ಯಾರ್ಯಾರು ಬರುತ್ತೀರಿ?