ಪಂಚಮಿಗೆ ಕರೆಯಲು ಬಂದವರು

ನನ್ನ ಅತ್ತೆಯ ಹಟ ಅಂದರೆ ಹಟ. ಅವರ ಗಂಡನ ಮನೆ, ತವರುಮನೆ ಎರಡೂ ಒಂದೇ ಊರಿನಲ್ಲಿ. ಆ ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಇದ್ದೊಬ್ಬ ತಮ್ಮ ಅದಕ್ಕೂ ಮೊದಲೇ ತೀರಿಕೊಂಡಿದ್ದ. ಹೊಸ ಕಾರ್ಖಾನೆಯಲ್ಲಿ ಕೆಲಸ ಹಿಡಿದಿದ್ದ ನನ್ನ ಗಂಡ ಅವರನ್ನು ಮಿರಜಿಗೆ ಕರೆತಂದರು. ಅತ್ತೆಗೆ ಮರಾಠಿ ಬಾರದು. ಮಕ್ಕಳು ಕೇಬಲ್ ಟಿವಿ ಮುಂದಿನಿಂದ ಏಳರು; ಅಜ್ಜಿಯ ಕನ್ನಡ ತಿಳಿದರೂ ಉತ್ತರ ಮರಾಠಿಯಲ್ಲೇ. ಅತ್ತೆಯದು ದಿನವೂ ಒಂದೇ ರಾಗ: "ಪಂಚಮಿಗೆ ತವರಿಗಿ ಕರಿಯಾವ್ರಿಲ್ಲ. ನಾ ಸತ್ತರ ಹೊದಸಾಕ ತವರ ಸೀರಿ ಯಾರ ತರ್ತಾರ?"

"ಸಾಯೂ ಮಾತ ಬಿಡ್ರಿ, ಮೊದಲ ಊಟ ಮಾಡ್ರಿ" ಎಂದು ರೇಗುತ್ತಿದ್ದೆ.

ಓಣಿಯ ಹಳೆಯ ಗೋದಾಮನ್ನು ತೊಳೆದು ಬಳಿದು, ನಾವು ಕೆಲವು ಹೆಂಗಸರು ಮುದುಕರಿಗಾಗಿ ಮಧ್ಯಾಹ್ನದ ಕೇಂದ್ರ ನಡೆಸುತ್ತಿದ್ದೆವು. ದೇಶ ಒಡೆದಾಗ ಸಿಂಧದಿಂದ ಬಂದವರು, ರೈಲ್ವೆ ನೌಕರಿಯ ಮಗನ ಜೊತೆ ತಮಿಳುನಾಡಿನಿಂದ ಬಂದವರು, ನಮ್ಮ ಕನ್ನಡದವರು, ಎಲ್ಲರಿಗೂ ಚಹಾ, ಹರಟೆ. ಅತ್ತೆ ಮಾತ್ರ ಹೊಸ್ತಿಲು ದಾಟಲಿಲ್ಲ.

"ಕರೀಲಾರದ ಹೋಗಾಕ ನನಗೇನ ಮಾನ ಇಲ್ಲೇನ?"

"ನಾ ಕರದೇನಲ್ರಿ!"

"ನೀ ಸೊಸಿ. ನೀ ಕಳಸಾಕಿ, ಕರಿಯಾಕಿ ಅಲ್ಲ."

ಅಬ್ಬಬ್ಬಾ! ಕೇಂದ್ರದಲ್ಲಿ ಚಹಾ ಸೋಸುತ್ತ ಈ ಗೋಳನ್ನೆಲ್ಲ ತೋಡಿಕೊಂಡೆ, ತವರ ಸೀರೆಯ ಮಾತೂ ಸೇರಿ. ಸಿಂಧಿ ಕಾಕಾ ಕೇಳುತ್ತ ಕೂತಿದ್ದರು. ಹರೆಯದಲ್ಲಿ ಬಟ್ಟೆಯ ಗಂಟು ಹೊತ್ತು ಅಥಣಿ, ಚಿಕ್ಕೋಡಿ ಸಂತೆ ತಿರುಗಿದವರು. ಕನ್ನಡ ಅಲ್ಲಿಯೇ ಕಲಿತದ್ದು. ಚಹಾದ ಬಸಿ ಕೆಳಗಿಟ್ಟು ಎದ್ದುಹೋದರು.

ನಾಗರಪಂಚಮಿಯ ಬೆಳಿಗ್ಗೆ ಬಾಗಿಲಲ್ಲಿ ಆಟೋ ನಿಂತಿತು. ಇಸ್ತ್ರಿ ಮಾಡಿದ ಅಂಗಿ, ತಲೆಗೆ ಟೋಪಿ, ಕೈಯಲ್ಲಿ ತೆಂಗಿನಕಾಯಿ, ಕಾಕಾ ಇಳಿದರು. ಕೇಂದ್ರ ಇರುವುದು ನಾಲ್ಕು ಮನೆ ಆಚೆ, ಅದಕ್ಕೆ ಆಟೋ!

"ಅಕ್ಕಾ, ಪಂಚಮಿ ಬಂತಲ್ಲ. ತವರಿಗಿ ಕರಕೊಂಡ ಹೋಗಾಕ ಬಂದೇನಿ. ನನಗೂ ಊರ ಉಳದಿಲ್ಲ."

ಅತ್ತೆ ಅವರನ್ನೇ ನೋಡುತ್ತ ನಿಂತರು. "ಕುಂದ್ರೋ ತಮ್ಮಾ. ಸೀರಿ ಬದಲಿ ಮಾಡಿ ಬರ್ತೇನಿ."

ಅವತ್ತು ಗೋದಾಮಿನ ತೊಲೆಗೆ ಕಟ್ಟಿದ ಜೋಕಾಲಿಯಲ್ಲಿ ಅತ್ತೆ ಕೂತರು, ತಮಿಳು ಅಜ್ಜಿ ತೂಗಿದರು. ಸಂಜೆ ಶೇಂಗಾ ಉಂಡಿಯ ಡಬ್ಬಿ ಹಿಡಿದು ಮನೆಗೆ ಬಂದರು ನೋಡಿ, ತವರಿಂದ ಬಂದ ಹೆಣ್ಣುಮಗಳ ಸೊಕ್ಕು ಮುಖದ ತುಂಬ! ನನಗೆ ನಗೆ, ಅಳು ಎರಡೂ ಬಂದವು. ಮರುದಿನದಿಂದ ನಾನು ಕಳಿಸುವ ಮೊದಲೇ ಕೇಂದ್ರಕ್ಕೆ ಹೊರಡುತ್ತಿದ್ದರು.

ಆಮೇಲೆ ಪ್ರತಿ ಪಂಚಮಿಗೂ ಆಟೋ ಬಂತು. ಅತ್ತೆ ತೀರಿಕೊಂಡ ದಿನವೂ ಬಂತು. ಕಾಕಾ ಕೋಲೂರಿಕೊಂಡು ಇಳಿದರು, ಬಗಲಲ್ಲಿ ಇಳಕಲ್ ಸೀರೆ. ನಮ್ಮ ಬಳಗದವರು ತಾವು ತಂದ ಸೀರೆ ಬಿಚ್ಚುತ್ತಿದ್ದರು; ಕಾಕಾ ಕೈ ಅಡ್ಡ ಹಿಡಿದರು.

"ನಿಂದ್ರಿ. ಮೊದಲ ತವರಮನಿದು."

ಒಂದು ತುದಿ ನಾನು ಹಿಡಿದೆ, ಇನ್ನೊಂದು ಅವರು. ಹೊದಿಸಿದ ಮೇಲೆ ಅಲ್ಲೇ, ಎಲ್ಲರೆದುರು, ಕಾಕಾನ ಕಾಲು ಮುಟ್ಟಿ ನಮಸ್ಕಾರ ಮಾಡಿದೆ.