ಪ್ರತಿ ಭಾನುವಾರದ ಪೇಷಂಟ್

ವಾರವೆಲ್ಲ ಮೊಬೈಲ್ ಅಂಗಡಿಯಲ್ಲಿ ಕೆಲಸ, ಭಾನುವಾರ ಮಾತ್ರ ಆಂಬುಲೆನ್ಸ್ ತರಬೇತಿ. ಕ್ಲಾಸಿನಲ್ಲಿ ಎಲ್ಲರಿಗಿಂತ ಹಗುರ ನಾನೇ ಆದ್ದರಿಂದ ಸ್ಟ್ರೆಚರ್ ಮೇಲೆ ಮಲಗುವ ಪೇಷಂಟ್ ಪಾತ್ರ ಸದಾ ನನ್ನದು. ಟಿನ್ ಫ್ಯಾಕ್ಟರಿ ಸರ್ಕಲ್ಲಿನ ಟ್ರಾಫಿಕ್ಕೇ ಬೆದರಿ ದಾರಿ ಬಿಡಬೇಕು, ಹಾಗೆ ನರಳುತ್ತಿದ್ದೆ. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಪೇಷಂಟ್ ಜಾರದಂತೆ ಸ್ಟ್ರೆಚರ್ ಬೆಲ್ಟ್ ಕಟ್ಟುವುದನ್ನು ಮಾತ್ರ ನಾನು ಕಲಿಯಲೇ ಇಲ್ಲ, ಬರೀ ಕಟ್ಟಿಸಿಕೊಳ್ಳುತ್ತಿದ್ದೆ.

ಮೊದಲ ಸಲ ನಿಜವಾದ ಆಂಬುಲೆನ್ಸ್ ಹತ್ತಿದ ದಿನ, ಶಿವಾಜಿನಗರದ ಮನೆಯೊಂದರ ಮೂರನೇ ಮಹಡಿಯಿಂದ ಸೊಂಟ ಮುರಿದ ಅಜ್ಜಿಯನ್ನು ಇಳಿಸಬೇಕಿತ್ತು. ಮೆಟ್ಟಿಲುಗಳೋ, ಏಣಿಗಿಂತ ಕಡಿದು.

"ಬೆಲ್ಟ್ ಹಾಕು ಮಗಾ, ಬೇಗ," ಎಂದರು ಸೀನಿಯರ್.

ನಾನು ಬಕಲ್ ತಿರುಗಿಸಿದೆ, ಎಳೆದೆ, ಉಲ್ಟಾ ಸಿಕ್ಕಿಸಲು ನೋಡಿದೆ. ಅಜ್ಜಿ ನೋವಿನಿಂದ ಹಲ್ಲು ಕಚ್ಚಿ ಕಾಯುತ್ತಿದ್ದರು.

"ಕ್ಲಾಸಲ್ಲಿ ಏನ್ ಮಾಡ್ತಿದ್ದೆ ಗುರು ಇಷ್ಟ್ ದಿನ?"

"ಮಲಗ್ತಿದ್ದೆ ಸರ್," ಅಂದುಬಿಟ್ಟೆ. ಯಾರೂ ನಗಲಿಲ್ಲ.

ಸೀನಿಯರ್ ನನ್ನನ್ನು ಪಕ್ಕಕ್ಕೆ ಸರಿಸಿ ತಾವೇ ಬೆಲ್ಟ್ ಬಿಗಿದರು. ಅಜ್ಜಿ ನನ್ನ ಕೈ ಹಿಡಿದು, "ಹೆದರ್ಬೇಡ ಬೇಟಾ, ನಂಗೇನೂ ಆಗಲ್ಲ," ಅಂದರು. ಆ ಮಾತನ್ನು ಅವರಿಗೆ ಹೇಳಬೇಕಾಗಿದ್ದವನು ನಾನು. ಸೀನಿಯರ್ರೂ ಡ್ರೈವರ್ರೂ ಸ್ಟ್ರೆಚರ್ ಹೊತ್ತರು. ನಾನು ತಲೆ ಎತ್ತದೆ, ಅಜ್ಜಿಯ ಚಪ್ಪಲಿ ಹಿಡಿದುಕೊಂಡು ಹಿಂದಿನಿಂದ ಇಳಿದೆ.